ಸೋಪಿನ ಪುಡಿ, ನಾಲ್ಕು ಗೊರಸು

ಗೊಟ್ಟಿಗೆರೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಹಿಂದೆ ಒಂದು ಬಿಳಿ ಹೆಣ್ಣುಕುದುರೆ ಇದೆ. ಮನೆಯ ಯಜಮಾನರದು. ಅವರ ತಂದೆ ಇದೇ ನೆಲದಲ್ಲಿ ರಾಗಿ ಬೆಳೆದರು. ಇವರು ಬಾಡಿಗೆದಾರರನ್ನು ಬೆಳೆಯುತ್ತಾರೆ. ಮೂರು ಮಹಡಿ ಫಸಲು ಬಂದಿದೆ. ಹಸುಗಳಿದ್ದ ಕೊಟ್ಟಿಗೆ ಖಾಲಿ ಬೀಳಬಾರದೆಂದು ಕುದುರೆ ತಂದು, ಮದುಮಕ್ಕಳನ್ನು ಹೊರಲು ಕಳಿಸುತ್ತಾರೆ. ನಮ್ಮ ಕಡೆಯ ಮದುವೆಗಳಲ್ಲಿ ಮದುಮಗ ಕುದುರೆ ಏರುವುದು ಯಾವಾಗ ಶುರುವಾಯಿತೋ ನಾನರಿಯೆ. ಸ್ಕೂಟರಿನ ಮೇಲೂ ನೆಟ್ಟಗೆ ಕೂರದ ಹುಡುಗರು ಪೇಟ ಸುತ್ತಿಕೊಂಡು, ಎರಡು ಕೈಯಲ್ಲೂ ಜೀನು ಹಿಡಿದು, ವಧುವಿಗಿಂತ ಹೆಚ್ಚು ತಲೆ ತಗ್ಗಿಸಿ ಬರುವುದನ್ನು ಮಾತ್ರ ನೋಡಿದ್ದೇನೆ.

ಕಳೆದ ವರ್ಷ ಒಂದು ಮದುವೆ ಮನೆಯವರು, ಫೋಟೋದಲ್ಲಿ ಕುದುರೆ ಹಳದಿಯಾಗಿ ಬಿದ್ದಿದೆಯೆಂದು ತಕರಾರು ತೆಗೆದರು. ಯಜಮಾನರು ಮೆಟ್ಟಿಲ ಮೇಲೆ ಕೂತು ಕೊರಗುತ್ತಿದ್ದರು. ನಾನು ಮೂವತ್ತೆರಡು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳ ಮೇಲೆ ಷರಾ ಬರೆದವನು. ಕೇಳದಿದ್ದರೂ ಅಭಿಪ್ರಾಯ ಕೊಡುವುದು ರಕ್ತಕ್ಕಿಳಿದಿದೆ.

"ಬಟ್ಟೆ ಒಗೆಯೋ ಪುಡಿ ಹಾಕಿ ತೊಳೀರಿ ಯಜಮಾನ್ರೇ. ನನ್ನ ಬನಿಯನ್ ನೋಡಿ," ಎಂದೆ.

ಅವರು ಬನಿಯನ್ ನೋಡಿದರು. ಮಾರನೆಯ ದಿನದಿಂದಲೇ ಕುದುರೆಗೆ ನೊರೆಸ್ನಾನ ಆರಂಭವಾಯಿತು. ಕೊನೆಯ ಬಕೆಟ್ಟಿಗೆ ನಾಲ್ಕು ಹನಿ ನೀಲಿ. ಅದೂ ನನ್ನದೇ ಸಲಹೆ. ಕುದುರೆ ಟ್ಯೂಬ್‌ಲೈಟಿನಂತೆ ಹೊಳೆಯಿತು. ಆ ನೊರೆ ಬೆನ್ನಿನಿಂದ ಹೊಟ್ಟೆಗೆ, ಹೊಟ್ಟೆಯಿಂದ ಕಾಲಿಗೆ, ಕಾಲಿನಿಂದ ಗೊರಸಿಗೆ ಇಳಿದು ಅಲ್ಲೇ ಒಣಗುವುದನ್ನು ಯಾರೂ ಗಮನಿಸಲಿಲ್ಲ. ಫೋಟೋದಲ್ಲಿ ಗೊರಸು ಬರುವುದಿಲ್ಲವಲ್ಲ.

ಈ ವರ್ಷ ಯಜಮಾನರ ತಂಗಿಯ ಮಗನಿಗೆ ಮದುವೆ ಗೊತ್ತಾಯಿತು, ಕತ್ರಿಗುಪ್ಪೆಯ ಒಂದು ಕಲ್ಯಾಣ ಮಂಟಪದಲ್ಲಿ. ಹುಡುಗ ಸೋದರಮಾವನ ಕುದುರೆಯ ಮೇಲೆಯೇ ಬರಬೇಕೆಂದು ತಂಗಿ ಮಾತು ತೆಗೆದುಕೊಂಡರು. ಮದುವೆಗೆ ಮೂರು ವಾರವಿರುವಾಗ ಕುದುರೆಯ ಬಲ ಮುಂಗಾಲಿನ ಗೊರಸಿನಲ್ಲಿ, ಕೆಳಗಿನ ಅಂಚಿನಿಂದ ಅರ್ಧದವರೆಗೆ, ಒಂದು ಸೀಳು ಕಂಡಿತು. ಉಳಿದ ಮೂರೂ ಬೇಸಿಗೆಯ ಕೆರೆಯಂಗಳದ ಹಾಗೆ ಒಣಗಿ ಬಿರುಕು ಬಿಟ್ಟಿದ್ದವು.

ಕೂಡಲೇ ಕಟ್ಟಡದಲ್ಲಿ ವೈದ್ಯಮಂಡಳಿ ಸ್ಥಾಪನೆಯಾಯಿತು. ಯಜಮಾನರ ಹೆಂಡತಿ ಹರಳೆಣ್ಣೆ ಎಂದರು. ಮೇಲಿನ ಮಹಡಿಯ ಪಿ.ಜಿ. ಹುಡುಗರು ಫೋನ್ ನೋಡಿ ತೆಂಗಿನೆಣ್ಣೆ ಎಂದರು. ನಾನು ಒಳಗಿನಿಂದ ಹಿಮ್ಮಡಿ ಮುಲಾಮಿನ ಹೊಸ ಟ್ಯೂಬು ತಂದೆ. ಒಬ್ಬರು ಹಚ್ಚಿದ್ದನ್ನು ಇನ್ನೊಬ್ಬರಿಗೆ ಹೇಳದೆ ಎಲ್ಲರೂ ಹಚ್ಚಿದೆವು. ಟ್ಯೂಬು ಹುಡುಕುತ್ತ ಹಿತ್ತಲಿಗೆ ಬಂದ ನನ್ನ ಹೆಂಡತಿ, ನಾನು ಕುದುರೆಯ ಪಾದಮೂಲದಲ್ಲಿ ಕೂತಿದ್ದನ್ನು ಕಂಡಳು.

"ನನ್ನ ಹಿಮ್ಮಡಿ ಒಡ್ದು ಇಪ್ಪತ್ತು ವರ್ಷ ಆಯ್ತು. ಒಂದು ದಿನ ಬಗ್ಗಿ ನೋಡಿದ್ದುಂಟಾ? ಅದೃಷ್ಟ ಅಂದ್ರೆ ಕುದುರೇದು ಕಣ್ರೀ."

ಈ ಆಕ್ಷೇಪಣೆಯನ್ನು ಕಡತಕ್ಕೆ ಸೇರಿಸಿ ಕೆಲಸ ಮುಂದುವರಿಸಿದೆ. ಬೆಳಗಿನ ಸೋಪಿನ ಸ್ನಾನ ಮಾತ್ರ ತಪ್ಪಲಿಲ್ಲ. ಮದುವೆ ಹತ್ತಿರ ಬಂದಿತ್ತಾದ್ದರಿಂದ ಪುಡಿ ಒಂದು ಹಿಡಿ ಜಾಸ್ತಿಯೇ ಬಿತ್ತು.

ಹತ್ತು ದಿನದಲ್ಲಿ ಸೀಳು ಇನ್ನಷ್ಟು ಮೇಲೇರಿ, ಕುದುರೆ ಕಾಲೂರಲು ಹಿಂಜರಿಯತೊಡಗಿತು. ಆಗ ಲಾಳ ಹೊಡೆಯುವ ಮುದುಕರೊಬ್ಬರನ್ನು ಕರೆಸಿದರು. ಅವರು ಕಾಲೆತ್ತಿ ಮೊಣಕಾಲುಗಳ ನಡುವೆ ಹಿಡಿದು ಚಾಕುವಿನಿಂದ ಕೆರೆದರು. ನಮ್ಮ ವೈದ್ಯಶಾಸ್ತ್ರ ಪದರ ಪದರವಾಗಿ ಉದುರಿತು. ಬೆರಳು ಮೂಸಿ ನೋಡಿದರು.

"ಇದೇನು ಗೊರಸಾ, ಒಗ್ಗರಣೇನಾ? ದಿನಾ ಸೋಪೂ ಹಾಕ್ತೀರೇನು?"

"ಬೆಳ್ಳಗಿರ್ಲಿ ಅಂತ ಭಾಯ್," ಎಂದರು ಯಜಮಾನರು.

"ಸೋಪು ಇದ್ರ ಪಸೆ ಎಲ್ಲಾ ಎಳ್ಕೊಂಡ್ಬಿಟ್ಟಿದೆ. ಒಣಗಿದ ಮೇಲೆ ಹಿಂಗೆ ಎಣ್ಣೆ ಮೆತ್ತಿದ್ರೆ ನೀರೂ ಒಳಗೆ ಹೋಗಲ್ಲ. ಯಾರ್ರೀ ಹೇಳಿದ್ದು ನಿಮ್ಗೆ ಸೋಪು?"

ನಾನು ತೆಂಗಿನಮರದ ಕಾಯಿ ಎಣಿಸತೊಡಗಿದೆ. ಯಜಮಾನರು ನನ್ನತ್ತ ತಿರುಗಲೂ ಇಲ್ಲ.

"ಯಾರೂ ಇಲ್ಲ ಭಾಯ್. ನಂದೇ ತಲೆ."

ಹನ್ನೊಂದು ಕಾಯಿಗಳಿದ್ದವು.

ಮುದುಕರ ಚಿಕಿತ್ಸೆ ನಮ್ಮದರಷ್ಟು ಘನವಾಗಿರಲಿಲ್ಲ. ಅರದಿಂದ ಅಂಚು ಉಜ್ಜಿ, ಸೀಳಿನ ಮೇಲೆ ಭಾರ ಬೀಳದಂತೆ ಲಾಳ ಕೂರಿಸಿದರು. ಸೋಪು ಬಂದ್. ದಿನಕ್ಕೆ ಅರ್ಧ ಗಂಟೆ ಒದ್ದೆ ಮಣ್ಣಿನಲ್ಲಿ ನಿಲ್ಲಿಸಬೇಕು. ಒರೆಸಿ, ಒಳಗಿನ ತೇವ ಆರುವ ಮೊದಲು ಜೇನುಮೇಣ ಬೆರೆಸಿದ ಎಣ್ಣೆಯನ್ನು ತೆಳ್ಳಗೆ, ಒಂದೇ ಸಲ, ಒಬ್ಬರೇ ಹಚ್ಚಬೇಕು. 'ಒಬ್ಬರೇ' ಎನ್ನುವಾಗ ನಮ್ಮನ್ನೆಲ್ಲ ಸಾಲಾಗಿ ನೋಡಿದರು.

"ಒಡೆದಿದ್ದು ಅಂಟ್ಕೊಳಲ್ಲ. ಮೇಲಿಂದ ಹೊಸದು ಇಳೀಬೇಕು, ನಮ್ಮ ಉಗುರು ಬೆಳ್ದಂಗೆ. ತಿಂಗಳುಗಟ್ಟಲೆ ಆಗತ್ತೆ. ಅಲ್ಲೀವರ್ಗೂ ಕೆಲ್ಸಕ್ಕೆ ಕಳಿಸ್ಬೇಡಿ. ಸೀಳು ಗೊರಸಿನ ಮೇಲಿರೋ ಕೂದಲ ತನಕ ಹೋಯ್ತು ಅಂದ್ರೆ ಜನ್ಮಕ್ಕೆ ಕುಂಟು."

ಮರುದಿನವೇ ಸುದ್ದಿ ತಿಳಿದು ತಂಗಿ ಬಂದರು. "ಅಣ್ಣ, ಗೇಟಿಂದ ಮಂಟಪದ ಬಾಗ್ಲಿಗೆ ನೂರು ಹೆಜ್ಜೆ. ಗಾಡೀಲಿ ತಂದು ಇಳಿಸಿದ್ರಾಯ್ತು. ನನ್ನ ಮಗ ಏನು ಆನೇನಾ?"

ಮಗ ಆನೆಯಲ್ಲ, ನಿಜ. ಹತ್ತಿರದ ನೆಂಟನೆನ್ನಬಹುದು.

ತಂಗಿಯ ಮುಂದೆ ಯಜಮಾನರು ಯಾವತ್ತೂ ಗಟ್ಟಿಯಾಗಿ ನಿಂತವರಲ್ಲ. "ನೂರೇ ಹೆಜ್ಜೆ ಅಂದ್ರೆ ಪರವಾಗಿಲ್ವೇನೋ," ಎಂದು ಕರಗುತ್ತ ನನ್ನ ಕಡೆ ತಿರುಗಿದರು. "ಸಾರ್, ನೀವೇನಂತೀರಿ?"

ಆ ಮನೆಯಲ್ಲಿ ನನ್ನ ಅಭಿಪ್ರಾಯವನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನಾನು ಹಿತ್ತಲಿನತ್ತ ನೋಡಿದೆ. ಕೊಟ್ಟಿಗೆಯಲ್ಲಿ ಕುದುರೆ ಮೂರು ಕಾಲಿನ ಮೇಲೆ ಭಾರ ಬಿಟ್ಟು, ನಾಲ್ಕನೆಯದರ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ನಿಂತಿತ್ತು.

"ಸೋಪು ಹೇಳಿದ್ದು ನಾನಮ್ಮ," ಎಂದೆ. "ನೀಲೀನೂ ನಾನೇ. ನಿಮ್ಮಣ್ಣ ನನ್ನ ಮರ್ಯಾದೆ ಉಳಿಸೋಕೆ ಬಾಯಿ ಬಿಡ್ಲಿಲ್ಲ. ನೂರಲ್ಲ, ಹತ್ತು ಹೆಜ್ಜೇನೂ ಅದ್ರ ಮೇಲೆ ಯಾರೂ ಕೂರಬಾರದು. ಬೈಯೋದಿದ್ರೆ ನನ್ನ ಬೈರಿ."

ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದರು. "ಸರಿ ಸಾರ್. ಮದುವೆ ದಿನ ನೀವು ಸ್ವಲ್ಪ ಬೇಗ ಬಂದ್ಬಿಡಿ. ಜೀನು ನಾನು ತರ್ತೀನಿ."

ಮದುವೆಗೆ ಹೋದೆ. ಮದುಮಗ ನಡೆದೇ ಬಂದ. ನೂರು ಹೆಜ್ಜೆಗೆ ಎರಡು ಸಲ ನಿಂತು ಬೆವರೊರೆಸಿಕೊಂಡ. ಊಟದ ಪಂಕ್ತಿಯಲ್ಲಿ ತಂಗಿ ಬಡಿಸುವವರಿಗೆ ನನ್ನನ್ನು ತೋರಿಸಿ, "ನಮ್ಮ ಕುದುರೆಗೆ ಇನ್ನೊಂದು ಹೋಳಿಗೆ ಹಾಕ್ರಪ್ಪ," ಎಂದರು. ಇಡೀ ಸಾಲು ನಕ್ಕಿತು. ನಾನು ಹೋಳಿಗೆ ತಿಂದೆ.

ಈಗ ಬೆಳಿಗ್ಗೆ ಮಣ್ಣು ನೆನೆಸುವುದು, ಮೇಣ ಹಚ್ಚುವುದು ನನ್ನ ಪಾಲಿಗೆ ಬಂದಿದೆ. ಒಬ್ಬರೇ ಹಚ್ಚಬೇಕೆಂಬ ಆದೇಶದ ಆ ಒಬ್ಬ ನಾನು. ಗೊರಸಿನ ಮೇಲ್ತುದಿಯಿಂದ ಬೆರಳಗಲ ಹೊಸದು ಸೀಳಿಲ್ಲದೆ ಇಳಿದಿದೆ. ಕುದುರೆ ಮತ್ತೆ ಹಳದಿಯಾಗಿದೆ. ಡಬ್ಬಿಯ ತಳದಲ್ಲಿ ಮಿಕ್ಕ ಮೇಣ ಹಿಡಿದು ಒಳಗೆ ಬಂದರೆ ಹೆಂಡತಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುತ್ತಾಳೆ.

"ಮೊದ್ಲು ಅದಕ್ಕೆ ಹಚ್ಚಿ ಬಂದ್ರಾ?" ಎಂದು ದಿನವೂ ಕೇಳುತ್ತಾಳೆ.

ಹೌದು ಎಂದು ಒಪ್ಪಿಕೊಂಡು, ಬಗ್ಗಿ ಕೂರುತ್ತೇನೆ.