ಖಾಲಿ ಬಿಟ್ಟ ಎಂಟು ಖೋಲಿ

ಹನ್ನೆರಡು ವಾದ್ಯಗಳಿಗೆ ಬರೆದ ಸ್ವರಪುಟವನ್ನು ದಿನಪತ್ರಿಕೆ ಓದಿದ ಹಾಗೆ ಓದಬೇಕೆಂದು ಗೌತಮ ನಂಬಿದ್ದ. ಮೇಲಿನ ಸಾಲು ಮುಗಿಸು, ಕೆಳಗಿನ ಸಾಲಿಗೆ ಇಳಿ. ಒಂದು ಭಾನುವಾರ ಮಧ್ಯಾಹ್ನ ಪುಟ್ಟ ಕೀಬೋರ್ಡಿನ ಮುಂದೆ ಕೂತು ಕೊಳಲಿನ ಸಾಲು ನುಡಿಸಿದ, ಆಮೇಲೆ ಕ್ಲಾರಿನೆಟ್ಟಿನದು, ಆಮೇಲೆ ತುತ್ತೂರಿಯದು. ಇಳಿಯುತ್ತ ಇಳಿಯುತ್ತ ಕೊನೆಗೆ ನಗಾರಿಯ ಸಾಲಿಗೆ ಬಂದರೆ ಅಲ್ಲಿ ಬರೀ ವಿರಾಮದ ಗುರುತು. ನಿಯತ್ತಿನ ಮನುಷ್ಯ, ಕೈಕಟ್ಟಿಕೊಂಡು ಒಂದು, ಎರಡು ಎಂದು ಎಣಿಸುತ್ತ ಕೂತ. ಅಡುಗೆಮನೆಯಿಂದ ಅವನ ತಾಯಿ ರೇಣುಕಮ್ಮ, ಕರೆಂಟು ಹೋಯಿತೇನೋ ಎಂದು ಕೇಳಿದಳು. ಇಷ್ಟು ಬೇಸರ ಹುಟ್ಟಿಸುವ ಸಂಗೀತ ಬರೆದವರನ್ನು ಜಗತ್ತು ಯಾಕೆ ದೊಡ್ಡವರೆನ್ನುತ್ತದೋ ಅವನಿಗೆ ತಿಳಿಯಲಿಲ್ಲ.

ಮರುದಿನ, ತನಗೆ ಸಂಗೀತ ಕಲಿಸುತ್ತಿದ್ದ ಚಾಂದಸಾಬ ಮಾಸ್ತರರಿಗೆ ಹೇಳಿದ. ಅವರು ನಗಲಿಲ್ಲ, ಅದೇ ಹೆಚ್ಚು ಅವಮಾನವಾಯಿತು. ಪುಟದ ಮೇಲೆ ಅಡಿಪಟ್ಟಿಯೊಂದನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಟ್ಟು ಎಡದಿಂದ ಬಲಕ್ಕೆ ನಿಧಾನ ಸರಿಸಿದರು. ಪಟ್ಟಿ ತಾಕಿದ್ದೆಲ್ಲ ಒಂದೇ ಹೊತ್ತಿಗೆ ನುಡಿಯಬೇಕು.

ಚಾಂದಸಾಬರು ಪೊಲೀಸ್ ಬ್ಯಾಂಡಿನಲ್ಲಿ ಇಪ್ಪತ್ತೆಂಟು ವರ್ಷ ಕ್ಲಾರಿನೆಟ್ ಊದಿ, ನಿವೃತ್ತಿಯಾದ ಮೇಲೆ ಗಂಗಾವತಿಯಲ್ಲಿ ಮದುವೆ ಬ್ಯಾಂಡು ಕಟ್ಟಿದವರು. ಹೈದರಾಬಾದಿನ ಹಳೇ ಪುಸ್ತಕದ ಬೀದಿಯಲ್ಲಿ ಅವರಿಗೊಂದು ದಪ್ಪ ಸ್ವರಪುಸ್ತಕ ಸಿಕ್ಕಿತ್ತು. ರಟ್ಟು, ಮೊದಲ ಹಾಳೆಗಳು ಎಲ್ಲ ಕಿತ್ತು ಹೋಗಿದ್ದರಿಂದ ಬರೆದವರು ಯಾರೆಂಬುದು ಅವರಿಗೇ ಗೊತ್ತಿರಲಿಲ್ಲ. ಜರ್ಮನಿ ಕಡೆಯ ದೊಡ್ಡವರು ಎಂದಷ್ಟೇ ಹೇಳುತ್ತಿದ್ದರು. ಅದರಿಂದ ಒಂದು ಸಲಕ್ಕೆ ನಾಲ್ಕೇ ಖೋಲಿ ತೆಗೆದುಕೊಳ್ಳುವರು. ತಾಳದ ಒಂದೊಂದು ಆವರ್ತಕ್ಕೆ ಪುಟದ ಮೇಲೆ ನೆಟ್ಟನೆಯ ಗೆರೆ ಕೊರೆದು ಮಾಡಿದ ಮನೆ ಇರುತ್ತದಲ್ಲ, ಅದು ಅವರ ಬಾಯಲ್ಲಿ ಖೋಲಿ. ಆ ನಾಲ್ಕನ್ನು ಕೈಯಾರೆ ನಕಲು ಮಾಡಿ ಪುಸ್ತಕ ಮುಚ್ಚುವರು. ಮೂರು ದಿನ ಬಿಟ್ಟು, ತಮಗೆ ಗೊತ್ತಿರುವ ಯಾವುದಾದರೂ ಧಾಟಿಗೆ ಅದೇ ಅಂಗಿ ತೊಡಿಸುವರು. ದೊಡ್ಡವರು ಎಲ್ಲಿ ಯಾರಿಂದ ಊದಿಸಿದ್ದರೋ ಇಲ್ಲೂ ಅವರೇ, ಅಲ್ಲಿ ಯಾರು ಸುಮ್ಮನಿದ್ದರೋ ಇಲ್ಲೂ ಅವರು ಸುಮ್ಮನೆ. ಹೀಗೆ ಬರೆದೂ ಬರೆದೂ ನಲವತ್ತು ವಹಿ ತುಂಬಿದ್ದವು.

ಗೌತಮ ಶ್ರೀರಾಮನಗರದ ಅಕ್ಕಿ ಗಿರಣಿಯಲ್ಲಿ ಲಾರಿ ತೂಕ ಬರೆಯುವ ಗುಮಾಸ್ತ. ಮಾಸ್ತರರು ಹಚ್ಚಿದ ಅವನ ನಕಲು ತೂಕದ ಚೀಟಿಗಳ ಬೆನ್ನ ಮೇಲೆ ನಡೆಯುತ್ತಿತ್ತು. ಒಂದು ಲಾರಿ ಭತ್ತದ ತೂಕಕ್ಕೆ ಮೂರು ಕ್ಲಾರಿನೆಟ್ ಅಂಟಿಕೊಂಡು ಹೋಗಿ ಬೈಸಿಕೊಂಡದ್ದೂ ಉಂಟು. ಎರಡು ವರ್ಷವಾದರೂ ದೊಡ್ಡವರು ಇಲ್ಲೇಕೆ ಹೀಗೆ ಮಾಡಿದರು, ಅಲ್ಲೇಕೆ ಹಾಗೆ ಮಾಡಿದರು ಎಂಬ ಗೊಂದಲ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಕೇಳಿದರೆ ಮಾಸ್ತರರು, ಇನ್ನೊಮ್ಮೆ ಬರಿ ಎನ್ನುವರು.

ಗಿರಣಿಯ ಮಾಲೀಕ ಉಮಾಪತಿಯವರ ಮಗಳ ಮದುವೆಗೆ ಮಾಸ್ತರರ ಬ್ಯಾಂಡೇ ನಿಗದಿಯಾಯಿತು. ಕುಷ್ಟಗಿಯ ಬೀಗರನ್ನು ಎದುರುಗೊಳ್ಳುವಾಗ ಊದಲಿಕ್ಕೆ ಹದಿನಾರು ಖೋಲಿ ನೀನೇ ಬರಿ ಎಂದರು ಮಾಸ್ತರರು. ತಾಯಿಯ ಬೀಸುಕಲ್ಲಿನ ಹಾಡಿನ ಧಾಟಿಯೊಂದನ್ನು ಹಿಡಿದು ಗೌತಮ ಒಂದು ತಿಂಗಳು ಒದ್ದಾಡಿದ. ಮೊದಲ ಎಂಟು ಖೋಲಿ ಧಾಟಿಯೆಲ್ಲ ತಗ್ಗುದನಿಯ, ಹೊಟ್ಟೆ ದೊಡ್ಡದಾದ ಹಿತ್ತಾಳೆ ವಾದ್ಯ ಯುಫೋನಿಯಮ್ಮಿನದು, ಮೇಲೆ ಕ್ಲಾರಿನೆಟ್ಟಿನ ಒಂದು ತೆಳು ಎಳೆ. ಮೂರು ತುತ್ತೂರಿ ಪೂರಾ ಸುಮ್ಮನೆ. ಒಂಬತ್ತನೆಯದಕ್ಕೆ ಮೂರೂ ಒಮ್ಮೆಲೇ ಬಾಗಿಲು ಒದ್ದಂತೆ ಒಳಗೆ ಬರಬೇಕು. ದೊಡ್ಡವರಿಂದ ಕದ್ದದ್ದು ಇದನ್ನೇ. ಆ ಒಂಬತ್ತನೆಯ ಖೋಲಿಯನ್ನು ಜನ್ಮದಲ್ಲಿ ಒಮ್ಮೆ ಕಿವಿಯಾರೆ ಕೇಳಬೇಕು, ಅವನಿಗೆ ಇದ್ದದ್ದು ಅದೊಂದೇ ಆಸೆ.

ತಾಲೀಮಿನಲ್ಲೇ ತಕರಾರು ಬಂತು. ಮದುವೆ ಬ್ಯಾಂಡಿನಲ್ಲಿ ವಾದ್ಯ ಇಳಿಸಿ ನಿಂತವನನ್ನು ಕಂಡರೆ ಮನೆಯವರಿಗೆ ಆಗುವುದಿಲ್ಲ, ಕರೆದದ್ದು ಊದಲಿಕ್ಕೆ ತಾನೆ. ತುತ್ತೂರಿಯ ದುರುಗೇಶ ಖಡಾಖಂಡಿತ ಹೇಳಿದ.

“ಮಂದಿ ಮುಂದ ಗ್ವಾಡಿಗಿ ಒರಗಿಸಿದ ಸೈಕಲ್ ಆಗಿ ನಿಂದ್ರಂಗಿಲ್ರಿ ನಾ.”

ಮಾಸ್ತರರು ಸ್ವಲ್ಪ ಯೋಚಿಸಿ ಉಪಾಯ ಕೊಟ್ಟರು. “ತುತ್ತೂರಿ ಬಾಯಾಗ ಇರ್ಲಿ, ಗಲ್ಲಾ ಉಬ್ಬಸು. ಉಸರು ಒಂದು ಬಿಡಬ್ಯಾಡ.”

ಮದುವೆಯ ದಿನ ಬೆಳಿಗ್ಗೆ ಶ್ರೀರಾಮನಗರದ ಕಲ್ಯಾಣಮಂಟಪದ ಮುಂದೆ ಬೀಗರ ಬಸ್ಸು ನಿಂತಿತು. ಯುಫೋನಿಯಂ ತಗ್ಗಿನಲ್ಲಿ ಶುರುವಾಯಿತು, ಕ್ಲಾರಿನೆಟ್ಟಿನ ಎಳೆ ಮೇಲೆ ತೇಲಿತು. ಮೂವರು ತುತ್ತೂರಿಯವರು ಗಲ್ಲ ಉಬ್ಬಿಸಿ, ಕಣ್ಣರಳಿಸಿ, ಬೆವರೊಡೆದು ಮೌನ ಊದಿದರು. ಬದಿಯಲ್ಲಿ ನಿಂತ ಗೌತಮ ಬೆರಳು ಮಡಿಸುತ್ತಿದ್ದ. ಮೂರು, ನಾಲ್ಕು. ಆಗ ಉಮಾಪತಿಯವರು ಬಂದು ದುರುಗೇಶನ ತುತ್ತೂರಿಯ ಬಾಯಿಗೆ ಕಿವಿಯಿಟ್ಟರು. ಒಳಗೇನೂ ಇಲ್ಲ. ಅವನ ಬೆನ್ನಿಗೊಂದು ಏಟು ಹಾಕಿ, ಜೋರಾಗಿ ಊದಲೇ ಎಂದರು. ಐದನೆಯ ಖೋಲಿಯಲ್ಲಿ ದುರುಗೇಶ ಹಿಡಿದಿಟ್ಟ ಉಸಿರೆಲ್ಲ ಬಿಟ್ಟ. ಉಳಿದಿಬ್ಬರೂ ಹಿಂದೆ ನುಗ್ಗಿದರು. ಕ್ಲಾರಿನೆಟ್ಟು ದಾರಿ ತಪ್ಪಿತು, ಢೋಲಿನವನು ತನಗೆ ಗೊತ್ತಿದ್ದ ಕುಣಿತದ ಪೆಟ್ಟು ಹಿಡಿದ, ಎಲ್ಲರೂ ಅವನ ಬೆನ್ನು ಹತ್ತಿದರು. ಬೀಗರು ಬಸ್ಸಿನ ಮೆಟ್ಟಿಲ ಮೇಲೇ ಕುಣಿಯತೊಡಗಿದರು.

ಉಮಾಪತಿಯವರು ಗೌತಮನ ಹೆಗಲು ತಟ್ಟಿ, ತೂಕ ಬರೆಯುವ ಹುಡುಗ ಭಾಳ ಛಲೋ ಬರೆದಾನ ಎಂದು ಬೀಗರಿಗೆಲ್ಲ ತೋರಿಸಿದರು. ತಾನು ಬರೆಯದೇ ಇದ್ದುದಕ್ಕೆ ಬಂದ ಹೊಗಳಿಕೆಗೆ ನಗಬೇಕೋ ಅಳಬೇಕೋ ತಿಳಿಯದೆ ಅವನು ಎರಡು ಹೋಳಿಗೆ ಹೆಚ್ಚಿಗೆ ತಿಂದ.

ಗಂಗಾವತಿಗೆ ಮರಳುವ ಟಂಟಂ ಆಟೋದಲ್ಲಿ ಢೋಲಿಗೆ ಒರಗಿ ಕೂತ ಮಾಸ್ತರರು ಕಣ್ಣು ಮುಚ್ಚಿದ್ದರು. ಕೇಳಬಾರದು ಎಂದುಕೊಂಡೇ ಗೌತಮ ಕೇಳಿಬಿಟ್ಟ.

“ಮಾಸ್ತರ, ನಲವತ್ತು ವಹಿ ತುಂಬ ಮಂದೀದು ನಕಲ ಮಾಡೀರಿ. ನಿಮ್ಮದು ಅಂತ ಬರದದ್ದನ್ನ ಯಾರರ ಒಮ್ಮೆರ ಬರದಂಗ ಊದ್ಯಾರೇನ್ರಿ?”

ದುರುಗೇಶ ಹೊರಗಿನ ಗದ್ದೆ ನೋಡತೊಡಗಿದ. ಚಾಂದಸಾಬರು ಕಣ್ಣು ತೆರೆಯಲಿಲ್ಲ.

“ಒಮ್ಮೆ ಊದ್ಯಾರ, ತಮ್ಮಾ. ಭಾಳ ಕೆಟ್ಟಿತ್ತು.”