ಮೂಗಕ್ಕನ ಕೈಗೆ ಸಿಕ್ಕ ಕಾರು

ವ್ಯಾಕರಣದ ಮೇಷ್ಟ್ರು ಮೂವತ್ತನಾಲ್ಕು ವರ್ಷ ಸಂಧಿ ಬಿಡಿಸಿ ನಿವೃತ್ತರಾದವರು. "ಗಾಡಿ ತೋರಿಸೋದಾದ್ರೆ ಮೂಗಕ್ಕನಿಗೇ ತೋರಿಸಿ" ಎಂದು ಪಕ್ಕದ ಮನೆಯವರು ಹೇಳಿದ ಕೂಡಲೇ ಅವರ ತಲೆ ತಂತಾನೇ ಆ ಹೆಸರನ್ನು ಬಿಡಿಸಿಬಿಟ್ಟಿತು: ಮೂಗ ಪ್ಲಸ್ ಅಕ್ಕ, ಲೋಪಸಂಧಿ. ಪಾಪ, ಮಾತು ಬಾರದ ಹೆಂಗಸು ಎಂಜಿನ್ ರಿಪೇರಿ ಮಾಡಿ ಸಂಸಾರ ಸಾಗಿಸುತ್ತಿದ್ದಾಳೆ ಎಂದು ಕರುಳು ಚುರ್ ಎಂದಿತು.

ಹಾಗಾಗಿ ಗ್ಯಾರೇಜಿಗೆ ಹೋದಾಗ ಅವರೂ ಬಾಯಿ ತೆರೆಯಲಿಲ್ಲ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ತಲೆಗೆ ಬಟ್ಟೆ ಬಿಗಿದು, ತುಟಿಗಳ ನಡುವೆ ಎರಡು ಬೋಲ್ಟು ಕಚ್ಚಿಕೊಂಡು, ಯಾವುದೋ ವ್ಯಾನಿನ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಹಾಕಿ ನಿಂತಿದ್ದಳು. ಮೇಷ್ಟ್ರು ಗಾಳಿಯಲ್ಲಿ ಸ್ಟಿಯರಿಂಗ್ ತಿರುಗಿಸಿದರು. ಅಂಗೈ ಓರೆಯಾಗಿ ಏರಿಸಿ ಗುಡ್ಡ ತೋರಿಸಿದರು. ನಾಲ್ಕು ಬೆರಳೆತ್ತಿ, ಕೆನ್ನೆ ಉಬ್ಬಿಸಿ ಉಫ್ ಎಂದು ಊದಿ, ನಾಲ್ಕೂ ಚಕ್ರಕ್ಕೆ ಗಾಳಿ ನೋಡಬೇಕೆಂದು ತಿಳಿಸಿದರು. ಅವಳು ಎಲ್ಲವನ್ನೂ ಕಣ್ಣು ಮಿಟುಕಿಸದೆ ನೋಡಿ, ಬಾಯಿಂದ ಬೋಲ್ಟು ತೆಗೆದಳು.

"ಅಯ್ಯೋ, ಯಾವಾಗಿಂದ ಮಾತು ನಿಂತಿದೆ ಮೇಷ್ಟ್ರೆ? ಡಾಕ್ಟರಿಗೆ ತೋರಿಸಿದ್ರಾ?"

ಟೈರುಗಳ ರಾಶಿಯ ಮೇಲೆ ಕೂತಿದ್ದ ಅವಳ ಗಂಡ ಬಿದ್ದು ಬಿದ್ದು ನಕ್ಕ. ಅವನು ಮೇಷ್ಟ್ರ ಹಳೆಯ ಶಿಷ್ಯ, ಅದೂ ವ್ಯಾಕರಣದ ಪರೀಕ್ಷೆಗೆ ಮೂರು ಸಲ ಕೂತವನು. "ಮೂಗು ಪ್ಲಸ್ ಅಕ್ಕ, ಮೇಷ್ಟ್ರೆ. ಲೋಪಸಂಧಿ. ನೀವೇ ಹೇಳಿಕೊಟ್ಟಿದ್ದು."

ಗ್ಯಾರೇಜು ಅವಳ ಅತ್ತೆಯದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಒಳಗಿನ ಕಾಯಿಲೆ ಹೇಳುತ್ತಿದ್ದ ಗಟ್ಟಿಗಿತ್ತಿ ಆಕೆ. ಸೊಸೆ ಮದುವೆಗೆ ಮುಂಚೆ ಸಾಬೂನಿನ ಕಾರ್ಖಾನೆಯಲ್ಲಿದ್ದಳು. ಎಣ್ಣೆಯ ಡ್ರಮ್ಮಿನ ಮುಚ್ಚಳ ತೆರೆದು, ಮೂಸಿ, ಕೆಟ್ಟದ್ದನ್ನು ವಾಪಸ್ ಕಳಿಸುವುದು ಅವಳ ಕೆಲಸ. ಮನೆಗೆ ಬಂದ ತಿಂಗಳಲ್ಲೇ ಒಂದು ಕಾರಿನ ಪಕ್ಕ ಹಾದುಹೋಗುತ್ತಾ "ಅತ್ತೆ, ಇಲ್ಲೇನೋ ಸಿಹಿ ಸಿಹಿ ವಾಸನೆ" ಎಂದಳು. ಬಾನೆಟ್ ಎತ್ತಿದರೆ ಎಂಜಿನ್ ತಣಿಸುವ ಕೂಲಂಟ್ ಸೋರುತ್ತಿತ್ತು. ಅತ್ತೆ ಅವತ್ತೇ ಸೊಸೆಯ ಕೈಯಿಂದ ಸೌಟು ಕಸಿದು ಸ್ಪ್ಯಾನರ್ ಕೊಟ್ಟರು. ಸೌಟು ಮಗನ ಪಾಲಿಗೆ ಬಂತು. "ಅಮ್ಮನಿಗೆ ಕಿವಿ, ಇವಳಿಗೆ ಮೂಗು, ಉಳಿದದ್ದು ಬಾಯಿ, ಅದು ನನಗೆ" ಎಂದು ಅವನು ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಾನೆ.

ಮೇಷ್ಟ್ರಿಗೆ ಅವತ್ತು ಬೇಕಾಗಿದ್ದದ್ದು ಗಾಳಿ ಮಾತ್ರ. ಶನಿವಾರ ಹೆಂಡತಿಯನ್ನು ಗುಡ್ಡದ ಮೇಲಿರುವ ಅವಳ ಅಕ್ಕನ ಮನೆಗೆ ಕರೆದುಕೊಂಡು ಹೋಗುವುದಿತ್ತು. ಅಕ್ಕತಂಗಿಯರು ಮುಖ ನೋಡಿ ಮೂರು ವರ್ಷವಾಗಿತ್ತು. ಷಡ್ಡಕ ಫೋನಿನಲ್ಲೇ ಕೊಕ್ಕೆ ಹಾಕಿದ್ದ: "ಒಂದು ಲೀಟರ್ ಎಂಜಿನ್ನು, ಮೇಲೆ ಟರ್ಬೋ ಬೇರೆ! ಅದು ನಮ್ಮ ಗುಡ್ಡ ಹತ್ತಲ್ಲ ಕಣಯ್ಯಾ. ಹತ್ತಿದ್ರೂ ಇಳಿಯಲ್ಲ. ಸುಮ್ನೆ ಬಸ್ಸಲ್ಲಿ ಬಾ." ಬಸ್ಸು ಹತ್ತಿದರೆ ಹೆಂಡತಿಗೆ ತಲೆ ತಿರುಗುತ್ತದೆ. ಕಾರು ಕೈಕೊಟ್ಟರೆ ಅವಳಿಗೆ ಅಕ್ಕನಿಲ್ಲ, ಮೇಷ್ಟ್ರಿಗೆ ಮಾನವಿಲ್ಲ.

ಮೂಗಕ್ಕ ಗಾಳಿ ನೋಡಿದಳು. ಕೇಳದಿದ್ದರೂ ಬಾನೆಟ್ ಎತ್ತಿ ಎಣ್ಣೆಯ ಅಳತೆ ಕಡ್ಡಿ ಎಳೆದಳು. ಮೇಷ್ಟ್ರು ಎದೆಯುಬ್ಬಿಸಿದರು.

"ನೋಡಮ್ಮ, ಬೇರೆಯವರ ಕಾರು ಎಣ್ಣೆ ಕುಡಿಯುತ್ತೆ. ನಂದು ಕೊಡುತ್ತೆ! ತಗೊಂಡಾಗ ಇದ್ದದ್ದಕ್ಕಿಂತ ಒಂದು ಬೆರಳು ಮೇಲಿದೆ."

ಅವಳು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು, ಮುಖ ಸಿಂಡರಿಸಿ, ಕಾರಿನೊಳಗೆ ಕೂತಿದ್ದ ಮೇಷ್ಟ್ರ ಹೆಂಡತಿಯತ್ತ ಚಾಚಿದಳು. "ಅಮ್ಮಾ, ನೀವೇ ಹೇಳಿ. ಏನ್ ವಾಸನೆ?"

"ರೀ! ಪೆಟ್ರೋಲ್ ಬಂಕ್ ವಾಸನೆ ಕಣ್ರೀ!"

"ದಿನಾ ಎಷ್ಟು ದೂರ ಓಡಿಸ್ತೀರಿ ಮೇಷ್ಟ್ರೆ?"

"ಲೈಬ್ರರಿಗೆ. ಎಂಟುನೂರು ಮೀಟರ್. ದಣಿಸೋದೇ ಇಲ್ಲ, ಮಗು ಥರ ನೋಡ್ಕೊಂಡಿದ್ದೀನಿ."

"ಅದಕ್ಕೇ ಹೀಗಾಗಿರೋದು. ಎಂಜಿನ್ ಕಾಯೋ ಮುಂಚೆ ಆರಿಸ್ತೀರಿ. ಸುಡದೆ ಉಳಿದ ಪೆಟ್ರೋಲು ಕೆಳಗಿಳಿದು ಎಣ್ಣೆಗೆ ಸೇರುತ್ತೆ, ಆವಿಯಾಗೋಕೆ ಬಿಸಿ ಇಲ್ಲ. ನಿಮ್ಮ ಕಾರು ಎಣ್ಣೆ ಕೊಡ್ತಿಲ್ಲ, ಹಾಲಿಗೆ ನೀರು ಹಾಕೋರ ಕೆಲಸ ಮಾಡ್ತಿದೆ. ಎಣ್ಣೆ ಬದಲಾಯಿಸಿ ಎಷ್ಟು ದಿನ ಆಯ್ತು?"

"ಬದಲಾಯಿಸಿಲ್ಲ." ಮೇಷ್ಟ್ರು ಕಾರಿನೊಳಗಿಂದ ಕೈಪಿಡಿ ತಂದು, ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಸಾಲನ್ನು ಓದಿದರು: "'ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ.' ಅಥವಾ ಅಂದ್ರೆ ವಿಕಲ್ಪ. ಎರಡರಲ್ಲಿ ಒಂದನ್ನ ಆರಿಸ್ಕೋಬಹುದು. ನಾನು ಕಿಲೋಮೀಟರ್ ಆರಿಸ್ಕೊಂಡೆ. ಎರಡು ವರ್ಷಕ್ಕೆ ಬರೀ ಸಾವಿರದ ಇನ್ನೂರು ಆಗಿದೆ."

"ಕಂಪನಿಯೋರು ಸರ್ವೀಸಿಗೆ ಕರೀಲಿಲ್ವಾ?"

"ಮೆಸೇಜ್ ಕಳಿಸಿದ್ರು. ಮೂರು ಕಾಗುಣಿತದ ತಪ್ಪಿತ್ತು. ತಿದ್ದಿ ವಾಪಸ್ ಕಳಿಸ್ದೆ."

ಮೂಗಕ್ಕ ಒಮ್ಮೆ ಗಂಡನ ಮುಖ ನೋಡಿದಳು. ಇವರ ಹತ್ತಿರ ಓದಿಯೂ ಇವನು ಇಷ್ಟರಮಟ್ಟಿಗೆ ಉಳಿದುಕೊಂಡಿದ್ದೇ ಹೆಚ್ಚು ಎಂಬ ಕನಿಕರ ಆ ನೋಟದಲ್ಲಿತ್ತು.

"ಕೇಳಿ ಮೇಷ್ಟ್ರೆ. ಅಲ್ಲಿ ಅಥವಾ ಅಂದ್ರೆ ಯಾವುದು ಮೊದಲು ಬರುತ್ತೋ ಅದು. ಎಂಜಿನ್ನಿಗೆ ಗಾಳಿ ತುರುಕೋ ಈ ಟರ್ಬೋ ಒಳಗಿನ ದಂಡ ನಿಮಿಷಕ್ಕೆ ಲಕ್ಷ ಸುತ್ತು ಸುತ್ತುತ್ತೆ. ಅದನ್ನ ಹಿಡಿದಿರೋದು ಕೂದಲೆಳೆಯಷ್ಟು ತೆಳ್ಳಗಿನ ಎಣ್ಣೆ ಪದರ. ಈ ನೀರೆಣ್ಣೆ ಹಾಕ್ಕೊಂಡು ಗುಡ್ಡ ಹತ್ತಿದ್ರೆ ಅರ್ಧ ದಾರೀಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಆಮೇಲೆ ನೀವು ಯಾವ ವಿಕಲ್ಪ ಆರಿಸ್ಕೊಂಡ್ರೂ ಲಾರಿ ಮೇಲೇ ವಾಪಸ್ ಬರೋದು."

"ಆದ್ರೂ ವ್ಯಾಕರಣದ ಪ್ರಕಾರ..."

"ರೀ," ಎಂದರು ಹೆಂಡತಿ, "ನಮ್ಮಕ್ಕನ್ನ ನೋಡ್ಬೇಕು. ವ್ಯಾಕರಣ ಮನೇಲಿಟ್ಟು ಬನ್ನಿ."

ಎಂಜಿನ್ನಿನ ಅಡಿಯ ಬಿರಡೆ ತಿರುಗಿಸಿದಾಗ ಎಣ್ಣೆ ಕಪ್ಪು ನೀರಿನಂತೆ ಜರ್ರನೆ ಸುರಿಯಿತು. ಮೇಷ್ಟ್ರು ಬಗ್ಗಿ ನೋಡಿದರು. ಎರಡು ವರ್ಷ ಸ್ನೇಹಿತರ ಮುಂದೆ ಕೊಚ್ಚಿಕೊಂಡ ಹೆಮ್ಮೆಯೆಲ್ಲ ಬಕೆಟಿನಲ್ಲಿ ನೊರೆಯೆದ್ದು ಕೂತಿತ್ತು. ಹೊಸ ಫಿಲ್ಟರ್ ಬಂತು. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯೇ ಬಂತು. ಡಬ್ಬಿಯ ಮೇಲಿನ ಅಕ್ಷರಗಳನ್ನು ಮೂಗಕ್ಕ ಅವರಿಂದಲೇ ಗಟ್ಟಿಯಾಗಿ ಓದಿಸಿದಳು. "ಗುಡ್ಡ ಹತ್ತಿ ನಿಂತಾಗ ತಟ್ಟಂತ ಆರಿಸ್ಬೇಡಿ. ಒಂದು ನಿಮಿಷ ಹಾಗೇ ಓಡ್ತಿರ್ಲಿ, ಟರ್ಬೋ ಬಿಸಿ ಇಳಿಯುತ್ತೆ" ಎಂದು ಹೇಳಿ ಕಳಿಸಿದಳು.

ಶನಿವಾರ ಇಪ್ಪತ್ತೇಳು ತಿರುವುಗಳನ್ನೂ ಹೆಂಡತಿ ಬೆರಳು ಮಡಿಚಿ ಎಣಿಸಿದರು. ಹದಿನಾರನೆಯದರಲ್ಲಿ ಒಂದು ಬಸ್ಸನ್ನು ಹಿಂದೆ ಹಾಕಿದಾಗ ಮೇಷ್ಟ್ರ ಕಂಠದಿಂದ ಯಾವ ಶಬ್ದಕೋಶದಲ್ಲೂ ಇಲ್ಲದ ಒಂದು ಕೂಗು ಹೊರಟಿತು. ಷಡ್ಡಕ ಗೇಟಿನಲ್ಲೇ ಕಾದಿದ್ದ. ಹೆಂಡತಿ ಇಳಿದು ಅಕ್ಕನನ್ನು ತಬ್ಬಿಕೊಂಡು, ಇಬ್ಬರೂ ಅತ್ತು, ನಕ್ಕು ಒಳಗೆ ಹೋದರೂ ಮೇಷ್ಟ್ರು ಮಾತ್ರ ಎಂಜಿನ್ ಆರಿಸದೆ, ಗಡಿಯಾರ ನೋಡುತ್ತಾ ಬಿಗಿದುಕೊಂಡು ಕೂತೇ ಇದ್ದರು.

"ಯಾಕಯ್ಯಾ, ಕಾಲು ಜೋಮು ಹಿಡೀತಾ? ಎತ್ತಿ ಇಳಿಸ್ಲಾ?" ಎಂದ ಷಡ್ಡಕ.

"ತಡೀರಿ ಭಾವ, ಟರ್ಬೋ ಆರಬೇಕು" ಎಂದರು ಮೇಷ್ಟ್ರು, ಹುಟ್ಟಿದಾಗಿನಿಂದ ಅದೇ ಕಸುಬು ಮಾಡಿದವರಂತೆ. ಷಡ್ಡಕ ಕಾರಿಗೆ ಒಂದು ಪ್ರದಕ್ಷಿಣೆ ಹಾಕಿ, ಬಾನೆಟ್ ಮುಟ್ಟಿ, ಕೈ ಸುಟ್ಟುಕೊಂಡ.

ಸೋಮವಾರ ಮೇಷ್ಟ್ರು ವಿಜಯದ ವರದಿ ಒಪ್ಪಿಸಲು ಗ್ಯಾರೇಜಿಗೆ ಬಂದರು. ಬಸ್ಸನ್ನು ಹಿಂದೆ ಹಾಕಿದ್ದನ್ನು ಎರಡು ಸಲ ಹೇಳಿದರು. ಎರಡನೆಯ ಸಲ ಬಸ್ಸುಗಳು ಮೂರಾಗಿದ್ದವು. ಮೂಗಕ್ಕ ಯಾವುದೋ ಪೈಪನ್ನು ಮೂಸುತ್ತಾ "ಸರಿ, ಇನ್ಮೇಲೆ ವಾರಕ್ಕೊಂದು ಸಲವಾದ್ರೂ ಮೂವತ್ತು ಕಿಲೋಮೀಟರ್ ಓಡಿಸಿ. ಲೈಬ್ರರಿಗೆ ನಡ್ಕೊಂಡು ಹೋಗಿ" ಎಂದಳು.

ಮೇಷ್ಟ್ರು ದನಿ ತಗ್ಗಿಸಿದರು. ಇಷ್ಟು ದೊಡ್ಡ ಸಾಹಸ ಮಾಡಿದ ಕಾರನ್ನು ಮತ್ತೆ ಧೂಳಿಗೆ ಇಳಿಸಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ.

"ಅಲ್ಲಮ್ಮ, ಎಂಜಿನ್ ಬಿಸಿಯಾದ್ರೆ ತಾನೇ ಸರಿ? ಹೊದಿಕೆ ಹಾಕಿ ಮನೇಲೇ ನಿಲ್ಲಿಸಿ, ದಿನಾ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಒಳಗೆ ಕೂತ್ಕೊಂಡ್ರೆ ಸಾಲದೇ?"

"ಕೂರೋಕಾದ್ರೆ ಕುರ್ಚಿ ತಗೋಳಿ ಮೇಷ್ಟ್ರೆ," ಎಂದಳು ಮೂಗಕ್ಕ, ತಲೆ ಎತ್ತದೆ. "ಕಾರು ಇರೋದು ಓಡ್ಸೋಕೆ."