ಆರನೆಯ ಮುರುಗೇಶ

ಅರವತ್ತು ಸೆಕೆಂಡು. ನನ್ನ ಕಂಪ್ಯೂಟರ್ ನನಗೆ ಕೊಟ್ಟ ಗಡುವು ಅಷ್ಟೇ.

ಪರದೆಯ ನಡುವೆ ಒಂದು ಪುಟ್ಟ ಪೆಟ್ಟಿಗೆ ಬಂದು ಕೂತಿತ್ತು. ಸಿಸ್ಟಮ್ ಬಂದ್ ಆಗಲಿದೆ, ನಿಮ್ಮ ಕೆಲಸ ಉಳಿಸಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಾ ಐವತ್ತೊಂಬತ್ತು, ಐವತ್ತೆಂಟು ಎಂದು ಇಳಿಯುತ್ತಿತ್ತು. "ಸಾರ್, ಸೇವ್ ಮಾಡಿ, ಮೊದಲು ಸೇವ್ ಮಾಡಿ" ಎಂದು ಪಕ್ಕದಲ್ಲಿ ನಿಂತಿದ್ದ ನಾಗರತ್ನ ಕೂಗಿದರು. ಮಾಡಲು ಹೋದೆ. ಎಲ್ಲಿ ಒತ್ತಿದರೂ ಅಲುಗಾಡಲಿಲ್ಲ. ಸೊನ್ನೆಗೆ ಬಂತು, ಪರದೆ ಕಪ್ಪಾಯಿತು.

ಮತ್ತೆ ಚಾಲೂ ಮಾಡಿದರೆ ಹೊಳೆಹೊನ್ನೂರಿನ ಹೈಸ್ಕೂಲೊಂದರ ಸ್ಮರಣ ಸಂಚಿಕೆಯ ಫೈಲ್ ತೆರೆಯಲೇ ಇಲ್ಲ. ಮೂರು ವಾರ ಕೂತು ಅದನ್ನು ಟೈಪ್ ಮಾಡಿದ್ದವರು ನಾಗರತ್ನ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಒಂದು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಬ್ಬ ನಾನು. ಎರಡು ವರ್ಷದಿಂದ ನಾಗರತ್ನ. ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ನಲವತ್ತು ದಾಟಿದೆ. ಪತಿ ಕಾರ್ಖಾನೆ ಕೆಲಸದಿಂದ ಬೇಗ ಬಿಡುಗಡೆ ಪಡೆದ ಮೇಲೆ ಈ ಕೆಲಸ ಕಲಿತವರು. ಅಕ್ಷರ ಅಂದರೆ ಅವರಿಗೆ ಪ್ರಾಣ. ಒಂದು ಅರ್ಕಾವತ್ತು ತಪ್ಪಿದರೂ ಊಟ ಸೇರುತ್ತಿರಲಿಲ್ಲ.

ಈಗ ನಾನು ಮಾಡಿದ ಘನಕಾರ್ಯ ಕೇಳಿ. ಕೆಲವು ದಿನಗಳಿಂದ ಕಂಪ್ಯೂಟರ್ ತೆವಳುತ್ತಿತ್ತು. ನಾವು ಕಳಿಸದೇ ಇದ್ದ ಇ-ಮೇಲ್‌ಗಳು ನಮ್ಮ ವಿಳಾಸದಿಂದ ಗಿರಾಕಿಗಳಿಗೆ ಹೋಗುತ್ತಿದ್ದವು. ವೈರಸ್ಸೇ ಇರಬೇಕು ಅನ್ನಿಸಿತು. "ಸ್ವಲ್ಪ ಏಳಿ" ಎಂದು ನಾಗರತ್ನರನ್ನು ಎಬ್ಬಿಸಿ ನಾನೇ ಕೂತೆ. (ಅಂಗಡಿ ನನ್ನದಲ್ಲವೇ!) ಟಾಸ್ಕ್ ಮ್ಯಾನೇಜರ್ ತೆರೆದೆ. ಕಂಪ್ಯೂಟರಿನೊಳಗೆ ಆ ಕ್ಷಣ ಯಾರ್ಯಾರು ದುಡಿಯುತ್ತಿದ್ದಾರೆ ಎಂದು ತೋರಿಸುವ ಪಟ್ಟಿ ಅದು. ನೋಡಿದರೆ, svchost.exe ಎಂಬ ಒಂದೇ ಹೆಸರು ಆರು ಸಲ!

ಒಂದೇ ಹೆಸರಿನ ಆರು ಜನ ಒಂದು ಮನೆಯಲ್ಲಿ ಇರುತ್ತಾರೆಯೇ? ಇವೇ ಕಳ್ಳರು ಎಂದು ತೀರ್ಮಾನಿಸಿ ಕೆಳಗಿನಿಂದ ಒಂದೊಂದನ್ನೇ ಮುಗಿಸುತ್ತಾ ಬಂದೆ. ಮೂರನೆಯದಕ್ಕೇ ಆ ಅರವತ್ತು ಸೆಕೆಂಡಿನ ಪೆಟ್ಟಿಗೆ ಬಂತು.

ತಪ್ಪು ನನ್ನದು. ಅವಮಾನವೂ ನನ್ನದು. ಅದನ್ನು ನುಂಗಿಕೊಳ್ಳಬೇಕಾಗಿತ್ತು. ಆದರೆ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಒಬ್ಬರು ಗೃಹಪ್ರವೇಶದ ಕಾರ್ಡಿನ ಮಾದರಿಗಳನ್ನು ನೋಡುತ್ತಿದ್ದರು, ಇನ್ನೊಬ್ಬರು ಜೆರಾಕ್ಸ್‌ಗೆ ಬಂದಿದ್ದರು. ಅವರ ಮುಂದೆ ನನ್ನ ಮರ್ಯಾದೆ ಉಳಿಯಬೇಕಲ್ಲ? ನಾಗರತ್ನ "ಸಾರ್, ಆ ಪಟ್ಟೀಲಿ ಒಂದು..." ಎಂದು ಏನೋ ಹೇಳಲು ಬಾಯಿ ತೆಗೆದರು. ನಾನು ಬಿಡಲಿಲ್ಲ.

"ನೀವು ಭದ್ರಾವತಿಯಿಂದ ದಿನಾ ಒಂದು ಫ್ಲಾಪಿ ತರ್ತೀರಲ್ಲ, ಅದರಿಂದ್ಲೇ ಬಂದಿರೋದು ಇದು. ಅಲ್ಲಿ ಯಾರ್ಯಾರ ಮನೆ ಕಂಪ್ಯೂಟರಿಗೆ ಹಾಕಿರ್ತೀರೋ!"

ಕಾರ್ಡಿನವರು ಹೌದೆನ್ನುವಂತೆ ತಲೆಯಾಡಿಸಿದರು. ಜೆರಾಕ್ಸಿನವರು ನಕ್ಕರು.

ನಾಗರತ್ನ ಕೇಳಿದ್ದು ಒಂದೇ ಮಾತು. "ನಾನು ಹಾಕಿದ್ದು ನೀವು ನೋಡಿದೀರಾ ಸಾರ್?"

ಉತ್ತರಕ್ಕೆ ಕಾಯಲಿಲ್ಲ. ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವರ ಫ್ಲಾಪಿಯೂ ಅವರೊಂದಿಗೇ ಹೋಗಿತ್ತು. ವಿಚಿತ್ರವೆಂದರೆ, ಕಳ್ಳ ಮೇಲ್‌ಗಳು ಮಾತ್ರ ಹೋಗುತ್ತಲೇ ಇದ್ದವು.

ಒಂದು ವಾರ ಕಳೆಯಿತು. ಹೈಸ್ಕೂಲಿನವರ ಫೋನ್ ಮೇಲೆ ಫೋನ್. ಬೇರೆ ದಾರಿ ಕಾಣದೆ ಭದ್ರಾವತಿಯ ಬಸ್ ಹತ್ತಿದೆ. ಕ್ಷಮೆ ಕೇಳುವುದಕ್ಕಲ್ಲ, ಸುಳ್ಳು ಯಾಕೆ ಹೇಳಲಿ? ನಾನು ಬೈದ ಅದೇ ಫ್ಲಾಪಿಯಲ್ಲಿ ಸಂಚಿಕೆಯ ಕಾಪಿ ಇರಬಹುದೆಂಬ ಆಸೆಯಿಂದ.

ಹಳೇ ಕ್ವಾರ್ಟರ್ಸಿನ ಮನೆ. ಪತಿ ತಿಪ್ಪೇಸ್ವಾಮಿ ಬಾಗಿಲು ತೆರೆದು, "ಬನ್ನಿ ಸಾರ್, ಕೂತ್ಕೊಳ್ಳಿ" ಅಂದರು. ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುತ್ತಿದ್ದ ಮನುಷ್ಯ. ನಾಗರತ್ನ ಕಾಫಿ ತಂದಿಟ್ಟರು. ಸಂಕೋಚಕ್ಕೆ ನಾನೇ ಆ ಆರು ಹೆಸರಿನ ಕಥೆ ತೆಗೆದೆ.

ತಿಪ್ಪೇಸ್ವಾಮಿ ಗಂಭೀರವಾಗಿ ಕೇಳಿಸಿಕೊಂಡರು. "ನಮ್ಮ ಶಿಫ್ಟಲ್ಲಿ ಐದು ಜನ ಮುರುಗೇಶ ಇದ್ರು ಸಾರ್. ಫೌಂಡ್ರಿ ಮುರುಗೇಶ, ಸ್ಟೋರ್ಸ್ ಮುರುಗೇಶ, ಕ್ಯಾಂಟೀನ್ ಮುರುಗೇಶ, ಲೋಕೋ ಮುರುಗೇಶ, ಗೇಟ್ ಮುರುಗೇಶ. ಹೆಸರು ಒಂದೇ ಅಂತ ಐದೂ ಜನಾನ ಹೊರಗೆ ಹಾಕಿದ್ರೆ ಕಾರ್ಖಾನೆ ನಡೀತಿತ್ತಾ? ಒಂದಿನ ಆರನೇ ಮುರುಗೇಶ ಒಬ್ಬ ಒಳಗೆ ಬಂದ. ಹೆಸರು ಕೇಳಿದ್ರೆ ಪಟ್ ಅಂತ ಹೇಳ್ದ. ಯಾವ ಡಿಪಾರ್ಟ್‌ಮೆಂಟಪ್ಪಾ ಅಂದೆ. ಬಾಯೇ ಬರ್ಲಿಲ್ಲ."

ಆಗ ನಾಗರತ್ನ ಮೊದಲ ಸಲ ಬಾಯಿಬಿಟ್ಟರು. "ಆರನೇದರ ಅಕ್ಷರ ಓದಿದ್ರಾ ಸಾರ್? ಐದರಲ್ಲಿ ಎಸ್ ಆದ್ಮೇಲೆ ವಿ, ಆಮೇಲೆ ಸಿ. ಅದರಲ್ಲಿ ಎಸ್ ಆದ್ಮೇಲೆ ಸಿ, ಆಮೇಲೆ ವಿ. ಅವತ್ತು ಅದನ್ನೇ ಹೇಳೋಕೆ ಬಂದೆ."

ಪ್ರೂಫ್ ತಿದ್ದುತ್ತಲೇ ತಲೆ ನರೆತವನು ನಾನು. ನನಗೆ ಕಾಣದ್ದು ಅವರಿಗೆ ನಿಂತಲ್ಲೇ ಕಂಡಿತ್ತು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ನಾಳೆಯಿಂದ ಬನ್ನಿ" ಎಂದೆ.

"ಬರೋದು ಆಮೇಲಿನ ಮಾತು ಸಾರ್" ಎಂದವರು ಗಂಡನ ಕಡೆ ನೋಡಿದರು. ತಿಪ್ಪೇಸ್ವಾಮಿ ಮುಂದುವರಿಸಿದರು. "ಮೊನ್ನೆ ಶಿವಮೊಗ್ಗದಲ್ಲೇ ಇನ್ನೊಂದು ಕಡೆ ಕೆಲಸ ಕೇಳೋಕೆ ಹೋಗಿದ್ಲು. 'ಓ, ವೈರಸ್ ನಾಗರತ್ನ ನೀವೇನಾ' ಅಂದ್ರಂತೆ."

ಫೌಂಡ್ರಿ ಮುರುಗೇಶ, ಸ್ಟೋರ್ಸ್ ಮುರುಗೇಶ. ವೈರಸ್ ನಾಗರತ್ನ. ಹತ್ತು ದಿನವೂ ಆಗಿರಲಿಲ್ಲ, ನನ್ನ ಒಂದು ಮಾತು ಅವರ ಹೆಸರಿಗೆ ಹೋಗಿ ಅಂಟಿಕೊಂಡಿತ್ತು.

ಹೊರಡುವಾಗ ನಾನು ಕೇಳದೆಯೇ ನಾಗರತ್ನ ಫ್ಲಾಪಿ ತಂದು ಕೈಗಿಟ್ಟರು. "ಹಿಂದಿನ ದಿನದವರೆಗಿನ ಪುಟ ಎಲ್ಲಾ ಇದರಲ್ಲಿದೆ. ಹೈಸ್ಕೂಲಿನೋರಿಗೆ ತೊಂದ್ರೆ ಆಗ್ಬಾರ್ದು. ಆದ್ರೆ ಸಾರ್, ಆ ಮಾತು ಯಾರ ಮುಂದೆ ಅಂದ್ರೋ ಅವರ ಮುಂದೇನೇ ಅದು ಸುಳ್ಳು ಅಂತ ಹೇಳಿ."

ಅಂಗಡಿಗೆ ಬಂದು ಕೂತು ಈ ಸಲ ಓದಿದೆ. ಅಕ್ಷರ ಅಕ್ಷರ. ಐದು ಅಸಲಿ. ಒಂದು ಇಂಟರ್ನೆಟ್ ನೋಡಿಕೊಂಡರೆ ಇನ್ನೊಂದು ಸೌಂಡ್ ನೋಡಿಕೊಳ್ಳುತ್ತದೆ, ಹೀಗೆ ಪಾಪ ಒಂದೊಂದಕ್ಕೆ ಒಂದೊಂದು ಜವಾಬ್ದಾರಿ. ಅವುಗಳ ಫೈಲ್ ಎಲ್ಲಿದೆ ಎಂದು ಹುಡುಕಿದರೆ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿ, ಇರಬೇಕಾದ ಜಾಗದಲ್ಲೇ ಇದೆ. ಆರನೆಯದು scvhost.exe. ಅದರ ಡಿಪಾರ್ಟ್‌ಮೆಂಟೇ ಬೇರೆ. ಇನ್ನೊಂದು ಫೋಲ್ಡರಿನಲ್ಲಿ ಅಡಗಿ ಕೂತಿತ್ತು.

ಪಟ್ಟಿಯಲ್ಲಿ ಇನ್ನೊಂದು ಕಾಲಂ ಇದೆ, ಯಾರ ಹೆಸರಿನಲ್ಲಿ ಓಡುತ್ತಿದೆ ಎಂದು ಹೇಳುವುದು. ಐದರ ಎದುರು ಸಿಸ್ಟಮ್‌ನ ಹೆಸರುಗಳು. ಆರನೆಯದರ ಎದುರು ನನ್ನ ಹೆಸರು. (ಲಾಗಿನ್ ಇರುವುದೇ ನನ್ನ ಹೆಸರಿನಲ್ಲಿ, ಅದು ಸಾಕ್ಷಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.) ಆದರೆ ಆ ಫೈಲ್ ಹುಟ್ಟಿದ ದಿನ? ಭಾನುವಾರ. ನಾಗರತ್ನರಿಗೆ ರಜೆ. ನಾನೊಬ್ಬನೇ ಅಂಗಡಿಗೆ ಬಂದು, ಗೆಳೆಯ ಕೊಟ್ಟಿದ್ದ 'ಐನೂರು ಕನ್ನಡ ಫಾಂಟ್ ಫ್ರೀ' ಸಿ.ಡಿ. ಹಾಕಿ ಕೂತಿದ್ದ ಭಾನುವಾರ.

ಇಂಟರ್ನೆಟ್ ಬರುತ್ತಿದ್ದ ಫೋನಿನ ವೈರ್ ಕಿತ್ತು, ಆರನೆಯದನ್ನು ಮುಗಿಸಿ, ಫೈಲ್ ಅಳಿಸಿ, ಹೊಸ ಆ್ಯಂಟಿವೈರಸ್ ಹಾಕಿಸಿದೆ. ಅವರ ಫ್ಲಾಪಿಯನ್ನೂ ಪರೀಕ್ಷಿಸಿದೆ. ಏನೂ ಇರಲಿಲ್ಲ. ಸಂಚಿಕೆ ಇತ್ತು, ಒಂದು ಅಕ್ಷರವೂ ತಪ್ಪಿಲ್ಲದೆ.

ಒಳಗೆ ನುಸುಳುವವನು ಅಪರಿಚಿತ ಹೆಸರಿನಲ್ಲಿ ಯಾಕೆ ಬಂದಾನು? ನಾವು ದಿನಾ ನೋಡುವ ಹೆಸರನ್ನೇ ತೊಟ್ಟು ಬರುತ್ತಾನೆ. ನಾವೋ, ದೂರದಿಂದ ಬಸ್ಸಿನಲ್ಲಿ ಬಂದವರ ಚೀಲದ ಮೇಲೆ ಕಣ್ಣಿಟ್ಟಿರುತ್ತೇವೆ. ಹೆಸರನ್ನು ಪೂರ್ತಿ ಓದಲು ಎಷ್ಟು ಹೊತ್ತು ಬೇಕು? ಅರವತ್ತು ಸೆಕೆಂಡೂ ಬೇಡ.

ವೈರಸ್ ತಂದವನು ನಾನು, ನಾಗರತ್ನ ಅಲ್ಲ. ಅವತ್ತು ಅಂಗಡಿಯಲ್ಲಿದ್ದ ಆ ಇಬ್ಬರ ಹೆಸರಾಗಲಿ ವಿಳಾಸವಾಗಲಿ ನನ್ನಲ್ಲಿಲ್ಲ. ಇರುವುದು ಈ ಅಂಕಣವೊಂದೇ.

ಕಾರ್ಡ್ ಹಿಡಿದು ತಲೆಯಾಡಿಸಿದವರೇ, ಜೆರಾಕ್ಸ್‌ಗೆ ಬಂದು ನಕ್ಕವರೇ, ಇದನ್ನು ಓದುತ್ತಿದ್ದೀರಾ?